ಬೇಳೆಯಿಲ್ಲದ ಸಾರು

"ಇವತ್ತು ಎರಡು ಪಾತ್ರೆ ಇಡಮ್ಮ," ಎಂದ ಸೇತುರಾಮ, ಅಡುಗೆಮನೆಯ ಬಾಗಿಲಲ್ಲೇ ನಿಂತು. "ದೊಡ್ಡದು ಹುಡುಗೀರಿಗೆ, ಮಾಮೂಲಿ ಸಾರು. ಚಿಕ್ಕದು ಗೆಸ್ಟ್‌ಗೆ. ಹೊಸ ಹುಡುಗಿ ಅವರಪ್ಪನ ಜೊತೆ ರೂಮ್ ನೋಡೋಕೆ ಬರ್ತಾ ಇದಾಳೆ, ಊಟಕ್ಕೆ ಇಲ್ಲೇ ಕೂರಿಸ್ತೀನಿ. ಅವರ ಸಾರಿಗೆ ಬೇಳೆ ಚೆನ್ನಾಗಿ ಬೀಳಲಿ. ಹೆಸರುಕಾಳು ಪಲ್ಯನೂ ಮಾಡು, ಅವರಿಗೆ ಮಾತ್ರ."

ಆರ್‌ಪಿಸಿ ಲೇಔಟಿನ ಆ ಲೇಡೀಸ್ ಪಿಜಿಗೆ ಕಸ್ತೂರೆವ್ವ ಅಡುಗೆಗೆ ಸೇರಿ ಎರಡು ವರ್ಷವಾಗಿತ್ತು. ಮಾಮೂಲಿ ಸಾರೆಂದರೆ ಏನೆಂಬುದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ನಲವತ್ತು ಹುಡುಗಿಯರಿಗೆ ಎರಡು ಹಿಡಿ ತೊಗರಿಬೇಳೆ, ಕೊಡಗಟ್ಟಲೆ ನೀರು, ಮಂದವಾಗಲು ಮೈದಾ, ಬಣ್ಣಕ್ಕೆ ಖಾರದಪುಡಿ. ಬೇಳೆಕಾಳಿನ ಕಪಾಟಿಗೆ ಬೀಗ. ಬೀಗದಕೈ ಮಾಲೀಕ ಸೇತುರಾಮನ ಜೇಬಿನಲ್ಲಿ. ದಿನಾ ಬೆಳಿಗ್ಗೆ ಅವನೇ ಬಂದು ತೆಗೆದುಕೊಡುತ್ತಿದ್ದ.

"ಮಾಲಕ್ರ," ಎಂದಳು ಕಸ್ತೂರೆವ್ವ, ಒಲೆಯ ಕಡೆಯಿಂದ ತಿರುಗದೆ. "ಮೊನ್ನಿ ಮ್ಯಾಲಿನ ರೂಮಿನ ಶಿಲ್ಪಾ ಕಣ್ಣಿಗಿ ಕತ್ತಲಿ ಬಂದು ಮೆಟ್ಲ ಮ್ಯಾಲಿಂದ ಬಿದ್ಲು. ಡಾಕ್ಟರು ಏನಂದಾರ ಗೊತ್ತೈತಿಲ್ರಿ? ಮೈಯಾಗ ರಕ್ತ ಇಲ್ಲ, ಬ್ಯಾಳಿ ಕಾಳು ಹೊಟ್ಟಿತುಂಬ ತಿನ್ನು ಅಂದಾರ."

"ಈ ಹುಡುಗೀರೆಲ್ಲ ಡಯಟ್ ಮಾಡ್ತಾರೆ ಕಣಮ್ಮ. ಹಾಕಿದ್ರೂ ತಟ್ಟೇಲಿ ಬಿಟ್ಟೇಳ್ತಾರೆ. ಬೇಡ ಅನ್ನೋರು ಬೇರೆ ಪಿಜಿ ನೋಡ್ಕೊಳ್ಲಿ." ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಬಂದವರು ವಿಜಯನಗರ ಮೆಟ್ರೋ ಹತ್ತಿರ ಇಳಿದು ಕಾಯುತ್ತಿದ್ದರು. ಸೇತುರಾಮ ಅವಸರದಲ್ಲಿ ಬೀಗದಕೈಯನ್ನು ಕಟ್ಟೆಯ ಮೇಲೆ ಎಸೆದ. "ಬೇಕಾದಷ್ಟು ನೀನೇ ತಗೋ. ಮೂರು ಜನಕ್ಕೆ ಎಷ್ಟು ಬೇಕೋ ಅಷ್ಟೇ. ಜಾಸ್ತಿ ಮುಟ್ಟಬೇಡ." ಕಾರು ಹೊರಟ ಸದ್ದು ಕೇಳಿಸಿತು.

ಕಸ್ತೂರೆವ್ವ ಬಾದಾಮಿ ಕಡೆಯವಳು. ಚಿಕ್ಕಂದಿನಲ್ಲಿ ಅನ್ನ ಕಂಡದ್ದು ಹಬ್ಬಕ್ಕೆ ಮಾತ್ರ. ಆದರೆ ರೊಟ್ಟಿಯ ಪಕ್ಕದಲ್ಲಿ ಮಡಕಿಕಾಳೋ ಗುರೆಳ್ಳು ಚಟ್ನಿಯೋ ಇಲ್ಲದ ದಿನವಿರಲಿಲ್ಲ. ಅದನ್ನೇ ಉಂಡು ಅವಳವ್ವ ಆರು ಹೆತ್ತು, ಹೊಲದಲ್ಲಿ ಗಂಡಸರ ಸಮಕ್ಕೆ ದುಡಿದಿದ್ದಳು. ಇಲ್ಲಿ ನೋಡಿದರೆ ಇಪ್ಪತ್ತು ವರ್ಷದ ಹುಡುಗಿಯರು ಹತ್ತು ಮೆಟ್ಟಿಲು ಹತ್ತಿ ಗೋಡೆ ಹಿಡಿಯುತ್ತಿದ್ದರು. ಅವಳು ಬೀಗದಕೈಯನ್ನು ಅಂಗೈಯಲ್ಲಿಟ್ಟುಕೊಂಡು ಒಂದು ಗಳಿಗೆ ನಿಂತಳು. ಈ ಕೆಲಸ ಹೋದರೆ ಅಡುಗೆಮನೆಯ ಹಿಂದಿನ ಕೋಣೆಯೂ ಹೋಯಿತು. ಬೆಂಗಳೂರಿನಲ್ಲಿ ತಲೆಯ ಮೇಲೆ ಬೇರೆ ಸೂರಿರಲಿಲ್ಲ. ಆಮೇಲೆ ಕಪಾಟು ತೆರೆದಳು.

ತೊಗರಿಬೇಳೆಯನ್ನು ಸೇರುಗಟ್ಟಲೆ ದೊಡ್ಡ ಪಾತ್ರೆಗೆ ಸುರಿದಳು. ಹೆಸರುಕಾಳಿನ ಚೀಲವನ್ನೇ ಬಗ್ಗಿಸಿದಳು. ತನ್ನ ಟ್ರಂಕಿನಲ್ಲಿದ್ದ ಗುರೆಳ್ಳು ಪುಡಿಯ ಡಬ್ಬಿ ತಂದು, ಬೆಂದ ಕಾಳಿನ ಮೇಲೆ ಧಾರಾಳವಾಗಿ ಉದುರಿಸಿದಳು. ಕೊನೆಗೆ ಚಿಕ್ಕ ಪಾತ್ರೆ ಇಟ್ಟಳು. ಚಿಟಿಕೆ ಬೇಳೆ, ಮುಕ್ಕಾಲು ಪಾತ್ರೆ ನೀರು, ಮೈದಾ, ಖಾರದಪುಡಿ. ಎರಡು ವರ್ಷದ ಅಭ್ಯಾಸ, ಕೈ ತಪ್ಪಲಿಲ್ಲ.

ಒಂದು ಗಂಟೆಗೆ ಸೇತುರಾಮ ಬಂದವರ ಜೊತೆ ಊಟದ ಮೇಜಿಗೆ ಕೂತ. ಗದಗಿನ ಮೇಷ್ಟ್ರು ರೇವಣಸಿದ್ದಪ್ಪ, ಅವರ ಮಗಳು ಮಾಲವಿಕಾ. "ನಮ್ಮಲ್ಲಿ ಮನೆ ಊಟ ಸಾರ್, ಕಾಂಪ್ರಮೈಸೇ ಇಲ್ಲ," ಎನ್ನುತ್ತಿದ್ದ. ಕಸ್ತೂರೆವ್ವ ಮೂವರ ಅನ್ನಕ್ಕೂ ಚಿಕ್ಕ ಪಾತ್ರೆಯ ಸಾರು ಬಿಟ್ಟಳು. ಸಾರು ಅನ್ನದ ಮೇಲೆ ನಿಲ್ಲದೆ ತಟ್ಟೆಯ ಅಂಚಿಗೆ ಹರಿದು ಹೋಯಿತು. ಮೇಷ್ಟ್ರು ಬೆರಳಲ್ಲಿ ಕೆದಕಿ ನೋಡಿದರು.

"ಯವ್ವಾ, ಇದರಾಗ ಬ್ಯಾಳಿ ಎಲ್ಲೈತಿ?"

"ಏನೋ ಮರೆತು ನೀರು ಜಾಸ್ತಿ ಹಾಕಿದಾಳೆ ಸಾರ್," ಎಂದು ಸೇತುರಾಮ ನಕ್ಕ. "ಏನಮ್ಮ ಇದು?"

"ಮರತಿಲ್ರಿ," ಎಂದಳು ಕಸ್ತೂರೆವ್ವ. "ಹುಡುಗ್ಯಾರು ದಿನಾ ಉಣ್ಣೋ ಸಾರು ಇದ. ನಿಮ್ಮ ಮಗಳು ಇಲ್ಲೇ ಇರಾಕಿ ಅಂದ್ರ ಇದನ್ನ ಉಣಬೇಕಾಗತೈತಿ. ಅದಕ್ಕ ನೀವೂ ನೋಡ್ರಿ ಅಂತ ಹಾಕೀನಿ. ಇವತ್ತಿನ ಬ್ಯಾಳಿ ಕಾಳು ಎಲ್ಲಾ ಹುಡುಗ್ಯಾರಿಗೆ ಮಾಡೀನಿ."

ಮೇಷ್ಟ್ರು ಸೇತುರಾಮನ ಮುಖ ನೋಡಿದರು. ಆಮೇಲೆ ದೊಡ್ಡ ಪಾತ್ರೆಯ ಮುಂದೆ ತಟ್ಟೆ ಹಿಡಿದು ನಿಂತಿದ್ದ ಹುಡುಗಿಯರ ಸಾಲಿನ ಕಡೆ ತಿರುಗಿ ಕೇಳಿದರು. "ಹೌದೇನವ್ವಾ, ದಿನಾ ಹಿಂಗೇನು?"

ಕೆಲವರು ನೆಲ ನೋಡಿದರು. ಹಣೆಗೆ ಇನ್ನೂ ಪಟ್ಟಿ ಅಂಟಿಸಿಕೊಂಡಿದ್ದ ಶಿಲ್ಪಾ ಒಂದು ಹೆಜ್ಜೆ ಮುಂದೆ ಬಂದಳು. "ಹೌದು ಅಂಕಲ್. ದಿನಾ."

ಮೇಷ್ಟ್ರು ತಟ್ಟೆ ಸರಿಸಿ ಎದ್ದರು. ಮಾಲವಿಕಾ ಬ್ಯಾಗು ಹೆಗಲಿಗೇರಿಸಿದಳು. ಸೇತುರಾಮ "ಸಾರ್, ಒಂದ್ನಿಮಿಷ, ಸಾರ್" ಎಂದು ಗೇಟಿನವರೆಗೂ ಹಿಂದೆ ಹೋದ. ವಾಪಸ್ಸು ಬಂದಾಗ ಕತ್ತಿನ ನರ ಉಬ್ಬಿತ್ತು.

"ಗಂಟುಮೂಟೆ ಕಟ್ಟು. ಈಗಲೇ. ಇನ್ನೊಂದು ನಿಮಿಷ ಇಲ್ಲಿರಕೂಡದು ನೀನು."

"ಹೋಕ್ಕೀನ್ರಿ," ಎಂದಳು ಕಸ್ತೂರೆವ್ವ. ಸೆರಗು ಸೊಂಟಕ್ಕೆ ಬಿಗಿದು ದೊಡ್ಡ ಪಾತ್ರೆಯ ಹತ್ತಿರ ಬಂದಳು. "ಇನ್ನೂ ಹದಿನಾರು ಮಂದಿ ಉಣ್ಣೋದೈತಿ." ಸೌಟನ್ನು ಮೇಲೆ ಮೇಲೆ ಆಡಿಸದೆ, ಬೇಳೆ ಕೂತಿದ್ದ ತಳದವರೆಗೂ ಇಳಿಸಿದಳು.