ಟೆಂಟಿನ ಶಿವನಿಗೆ ಹಾಲುತುಪ್ಪ

ಶಿವ ತೀರಿಕೊಂಡ ಸುದ್ದಿ ಮದ್ದೂರಿಗೆ ಬಂದದ್ದು ಶುಕ್ರವಾರ ಮಧ್ಯಾಹ್ನ, ತಮಟೆಯ ಗಾಡಿಯ ಮೇಲೆ.

ಕೈಲಾಸದ ಶಿವನಲ್ಲ, ಟೆಂಟ್ ಸಿನಿಮಾದ ಶಿವ. ನಟಭಾಸ್ಕರ ಚಂದ್ರಮೌಳಿಯವರು ಮದರಾಸಿನಲ್ಲಿ ಎದೆನೋವಿನಿಂದ ಕಾಲವಾದರೆಂದು ಪತ್ರಿಕೆ ಬರೆದಿತ್ತು. ದಿನವೂ ಆಟದ ಹೆಸರು ಕೂಗುತ್ತಿದ್ದ ಗಾಡಿ ಅಂದು "ಈ ದಿನ ಆಟವಿಲ್ಲ" ಎಂದು ಕೂಗಿಕೊಂಡು ಹೋಯಿತು. ಯುದ್ಧದಲ್ಲಿ ರಂಗೂನು ಜಪಾನಿನವರ ಕೈಗೆ ಬಿದ್ದ ದಿನವೂ ಬಾಗಿಲು ಹಾಕದ ಕ್ಷೌರದ ಚಿಕ್ಕಮಾದು ಅಂಗಡಿ ಮುಚ್ಚಿ, ತನ್ನ ತಲೆಯನ್ನೇ ಬೋಳಿಸಿಕೊಂಡ. ಸೀಮೆಎಣ್ಣೆ ಸಿಗದೆ ಕತ್ತಲಲ್ಲಿ ಉಣ್ಣುತ್ತಿದ್ದ ಮನೆಗಳಲ್ಲೂ ಚಂದ್ರಮೌಳಿಯ ಪಟದ ಮುಂದೆ ದೀಪ ಹತ್ತಿತು.

ಪುಟ್ಟರಾಜುವಿಗೆ ಮೈ ಉರಿಯಿತು. ಅವನು ಕಲಾವಿದ. ಮೈಸೂರಿನಲ್ಲಿ ಹೊಸ ಬಗೆಯ ಚಿತ್ರಕಲೆ ಕಲಿತು, ಕಣ್ಣಿಲ್ಲದ ಮುಖ, ಮುಖವಿಲ್ಲದ ಮೈ ಬರೆಯುವಷ್ಟು ಪಾಂಡಿತ್ಯ ಸಂಪಾದಿಸಿ ಬಂದಿದ್ದ. 'ಜನತೆ' ಎಂಬ ಅವನ ದೊಡ್ಡ ಚಿತ್ರವನ್ನು ವಾಚನಾಲಯದ ಗೋಡೆಗೆ ಏರಿಸಿದಾಗ ಮೊದಲು ನೋಡಿದವನು ಚಿಕ್ಕಮಾದುವೇ.

"ಕುಂಬಳಕಾಯಿ ಚೆಂದಾಗ್ ಬಂದವೆ ಕಣಪ್ಪ. ಯಾವ ಸಂತೆದು?"

"ಅವು ಮನುಷ್ಯರ ತಲೆಗಳು."

"ಅಂಗಾರೆ ಕೂದ್ಲೆಲ್ಲಿ? ನನ್ ಒಟ್ಟೆ ಮ್ಯಾಲ್ ಯಾಕಪ್ಪ ಒಡೀತೀಯೆ?"

ಆಮೇಲೆ ಆ ಚಿತ್ರದ ಕಡೆ ಯಾರೂ ತಿರುಗಲಿಲ್ಲ. ಎದುರು ಗೋಡೆಯಲ್ಲಿ ಟೆಂಟಿನವರು ಅಂಟಿಸಿದ್ದ ಚಂದ್ರಮೌಳಿಗೆ ಮಾತ್ರ ಹೆಂಗಸರು ದಿನವೂ ಕುಂಕುಮ ಹಚ್ಚಿದರು. ನೀಲಿ ಮೈ, ಹಳದಿ ಹುಲಿಚರ್ಮ, ಕೆಂಡದಂಥ ತುಟಿ. "ತ್ರಿಶೂಲವನ್ನು ಎಡಗೈಯಲ್ಲಿ ಹಿಡಿದಿದ್ದಾನೆ ನೋಡಿ. ಅಷ್ಟೂ ತಿಳಿಯದವನು ನಟಭಾಸ್ಕರ," ಎಂದು ಪುಟ್ಟರಾಜು ತನ್ನ ಎಡಗೈಯ ಕುಂಚವನ್ನು ಝಾಡಿಸುತ್ತ ಹೇಳುತ್ತಿದ್ದ.

ಊರಿನವರ ಹುಚ್ಚು ಹಾಗಿರಲಿ, ಮನೆಯಲ್ಲೂ ಒಂದು ಇತ್ತು. ಅವನ ಅಜ್ಜಿ ಬೀರಮ್ಮ. ತಂದೆ ಬೊಂಬಾಯಿಯ ಗಿರಣಿಯಲ್ಲಿ ಸತ್ತಾಗ ಪುಟ್ಟರಾಜು ತೊಟ್ಟಿಲಲ್ಲಿದ್ದನಂತೆ. ತಾಯಿಯೂ ಹೆಚ್ಚು ದಿನ ಬದುಕಲಿಲ್ಲ. ಅಜ್ಜಿ ಕೂಸನ್ನು ಎತ್ತಿಕೊಂಡು ತನ್ನೂರು ಬಸರಾಳನ್ನು ಬಿಟ್ಟು ಬಂದು, ಮದ್ದೂರಿನ ಬೀದಿಗಳಲ್ಲಿ ಮೊಸರು ಮಾರಿ ಅವನನ್ನು ಕಲಾವಿದನನ್ನಾಗಿ ಮಾಡಿದ್ದಳು. ಮೊಮ್ಮಗನ ಚಿತ್ರಗಳನ್ನು ಅವಳು ನೋಡುತ್ತಿರಲಿಲ್ಲ. ಚಂದ್ರಮೌಳಿಯ ಆಟ ಬಂದರೆ ಮಾತ್ರ ಟೆಂಟಿನ ಮುಂದಿನ ಮರಳಿನಲ್ಲಿ ಕೂರುವವಳು ಅವಳೇ ಮೊದಲು. ಉಳಿದ ಹೆಂಗಸರು ಪರದೆಗೆ ಕರ್ಪೂರ ಬೆಳಗಿದರೆ ಇವಳು ಸುಮ್ಮನೆ ನೋಡುವಳು. ಮನೆಗೆ ಬಂದು ಗೊಣಗುವಳು.

"ಈ ಸಲ ಸೊರಗವ್ನೆ ಕಣ್ಲಾ. ಇಮದ್ ಬೆಟ್ಟದ್ ಮ್ಯಾಲ್ ಬರಿ ಮೈಲಿ ಕೂರ್ಸವ್ರೆ. ಒಂದ್ ಕಂಬ್ಳಿ ಒದಿಸ್ಬಾರ್ದಾ?"

"ಅಜ್ಜಿ, ಅದು ಬರಿಯ ಬೆಳಕು."

"ಬೆಳಕ್ಗೂ ಚಳಿ ಆಯ್ತದೆ, ಬುಡು."

ಸುದ್ದಿ ಬಂದ ಶುಕ್ರವಾರ ಬೀರಮ್ಮ ಅಳಲಿಲ್ಲ. ಒಲೆಯನ್ನೂ ಹೊತ್ತಿಸಲಿಲ್ಲ. ದೀಪದ ಹೊತ್ತಿಗೆ ಹೇಳಿದಳು: "ಕಿವಿಗ್ ಬಿದ್ದ್ ದಿನ್ವೇ ಮೊದಲ್ನೇ ದಿನ. ಭಾನ್ವಾರಕ್ ಮೂರಾಯ್ತದೆ. ಒಳೆ ತಾವ ಆಲುತುಪ್ಪ ಬುಡ್ಬೇಕು. ನೀನೇ ಬುಡ್ಬೇಕು."

ಸತ್ತವರ ಮಣ್ಣಿನ ಮೇಲೆ ಮೂರನೆಯ ದಿನ ಹಾಲುತುಪ್ಪ ಬಿಡುವುದು ಈ ಸೀಮೆಯ ಪದ್ಧತಿ. ಪರದೆಯ ಮೇಲಿನವರಿಗೂ ಅದು ಶುರುವಾಯಿತಲ್ಲ ಎಂದು ಪುಟ್ಟರಾಜು ನಕ್ಕ.

"ಚಿಕ್ಕಮಾದು ಬಿಡುತ್ತಾನೆ. ತಲೆ ಬೋಳಿಸಿಕೊಂಡು ಸಿದ್ಧವಾಗಿದ್ದಾನೆ."

"ಅವ್ನ್ ಬುಟ್ರೆ ಆಗಕಿಲ್ಲ."

"ಯಾಕೆ?"

"ನೀನು ಓದ್ದೋನು," ಎಂದಳು ಬೀರಮ್ಮ, ಬೇರೆಲ್ಲೋ ನೋಡುತ್ತ. "ಆಲಿಲ್ದೆ ಆ ಜೀವ ಅಲೀತದೆ ಕಣ್ಲಾ. ನಾನಿನ್ನೇನೂ ನಿನ್ನ ಕೇಳಕಿಲ್ಲ."

ಪುಟ್ಟರಾಜು ಒಪ್ಪಲಿಲ್ಲ. ಮುದುಕಿ ಉಣ್ಣಲೂ ಇಲ್ಲ. ಶನಿವಾರವೂ ಹಾಗೆಯೇ ಕಳೆಯಿತು.

ಭಾನುವಾರ ಬೆಳಿಗ್ಗೆ ಅವನಿಗೆ ಒಂದು ಮಹತ್ತರವಾದ ಚಿತ್ರ ಹೊಳೆಯಿತು. ಕಾಗದದ ಶಿವನಿಗೆ ಹಾಲೆರೆಯುವ ಮುದುಕಿ. ಹೆಸರು, 'ಮೂಢಭಕ್ತಿ'. ಮೈಸೂರಿನ ದೊಡ್ಡವರು ತಲೆದೂಗದೆ ಇರಲಾರರು. ಅಜ್ಜಿಯ ಹಸಿವಿಗೆ ಕರಗದವನು ಕಲೆಗಾಗಿ ಕರಗಿದ. ಇದ್ದಿಲು, ಕಾಗದ ಹಿಡಿದು ಹೊರಟ.

ಶಿಂಷಾ ಹೊಳೆಯ ದಡದಲ್ಲಿ ಬೀರಮ್ಮ ಮರಳನ್ನು ಆಳುದ್ದಕ್ಕೆ ಗುಡ್ಡೆ ಮಾಡಿದಳು. ಎಲೆ ಹಾಸಿ ಮುದ್ದೆ, ಹುರುಳಿಸಾರು ಬಡಿಸಿದಳು.

"ಶಿವನಿಗೆ ಹುರುಳಿಸಾರೇ?"

"ಅವ್ನಿಗೆ ಅದೇ ಇಷ್ಟ."

ನಟರು ಏನು ಉಣ್ಣುತ್ತಾರೆಂಬುದನ್ನೂ ಈ ಜನ ಪತ್ರಿಕೆಯಲ್ಲಿ ಓದಿ ಬಾಯಿಪಾಠ ಮಾಡಿದ್ದಾರಲ್ಲ ಎಂದು ಪುಟ್ಟರಾಜು ಮರುಗಿದ. ಅಜ್ಜಿಗೆ ಅಕ್ಷರ ಬಾರದೆಂಬುದು ಆಗ ಅವನಿಗೆ ನೆನಪಾಗಲಿಲ್ಲ.

ಚೊಂಬು ಅವನ ಕೈಗೆ ಬಂತು. ಬೇಗ ಮುಗಿಸಿ ಚಿತ್ರ ಶುರುಮಾಡಬೇಕೆಂದು ಅವನು ಗುಡ್ಡೆಯ ಮೇಲೆ ಹಾಲು ಸುರಿದ, ತುಪ್ಪ ಬಿಟ್ಟ, ಅಜ್ಜಿ ಹೇಳಿದಳೆಂದು ಕೈಯನ್ನೂ ಮುಗಿದ. ಮರಳು ಎಲ್ಲವನ್ನೂ ಹೀರಿಕೊಂಡಿತು. ಮುದುಕಿ ಮೊಣಕಾಲೂರಿದಳು. ಆ ಬಾಗಿದ ಬೆನ್ನು ಅವನಿಗೆ ಬಹಳ ಹಿಡಿಸಿತು.

"ಅಲ್ಲಾಡಬೇಡ ಅಜ್ಜಿ," ಎಂದು ಅವನು ಇದ್ದಿಲು ಎತ್ತಿಕೊಂಡ.

ಬೀರಮ್ಮ ಅಲ್ಲಾಡಲಿಲ್ಲ. ಹಣೆಯನ್ನು ಮರಳಿಗೆ ಹಚ್ಚಿ ಬೇಡಿಕೊಂಡಳು:

"ಸಿವಪ್ಪ, ನಾಟ್ಕದೋರ್ ಇಂದೆ ಓಡೋದ ನನ್ ಮಗನ್ನ ಸತ್ತೋದಾಂತ ಏಳಿ ಈ ಕೂಸ್ನ ಸಾಕ್ದೆ, ಆ ಪಾಪ ನನ್ಗಿರ್ಲಿ. ಈಗ ಅವ್ನ್ ಎತ್ತ ಮಗನ್ ಕೈಯಿಂದ್ಲೇ ಆಲು ಬಿದ್ದದೆ, ಅವ್ನ್ ಜೀವ ತಣ್ಣಗ್ ಮಡಗಪ್ಪ."