ಹಳೆಯ ದಡ

"ನೀರು ಮೊದ್ಲು ಎಲ್ಲಿವರೆಗೆ ಬರ್ತಿತ್ತು, ತೋರ್ಸಜ್ಜಿ. ಅಲ್ಲಿ ಈ ಗೂಟ ನೆಡು. ಗೂಟದಿಂದ ಸಮುದ್ರದ ಕಡೆ ಕಟ್ಟಿದ್ದೆಲ್ಲ ಒಡೀತೀವಿ. ಗೂಟದಿಂದ ಊರಿನ ಕಡೆ ಇರೋ ಕಾಂಡ್ಲಾ ಗಿಡ ಕಡಿದು ರಸ್ತೆ ಹಾಕ್ತೀವಿ," ಎಂದು ಸರ್ವೆಯವನು ಯಾಬೋಮಳ ಕೈಗೆ ಗೂಟ ಕೊಟ್ಟ. ಫ್ರೀಟೌನಿನ ಆ ಕೊಲ್ಲಿಯಲ್ಲಿ ಉಪ್ಪುನೀರಿನ ಕಾಂಡ್ಲಾ ಬೇರುಗಳಿಗೆ ಅಂಟಿ ಬೆಳೆಯುವ ಕಪ್ಪೆಚಿಪ್ಪನ್ನು ನಲವತ್ತು ವರ್ಷ ಆಯ್ದು ಮಾರಿದವಳ ಮಾತನ್ನು ಯಾರೂ ಅಲ್ಲಗಳೆಯುತ್ತಿರಲಿಲ್ಲ.

ಹಳೆಯ ದಡ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಗಳು ಪೊಸ್ಸೆ ಅದರಾಚೆ ನೀರಿಗೆ ಕಸ, ಟೈರು, ಮಣ್ಣು ತುಂಬಿ ತಗಡಿನ ಮನೆ ಕಟ್ಟಿದ್ದಳು.

"ಇನ್ನೂ ಮುಂದೆ ನಡಿಯವ್ವ," ಪೊಸ್ಸೆ ಪಿಸುಗುಟ್ಟಿದಳು. "ಚಿಪ್ಪೇನು ನಿನ್ನ ಮೊಮ್ಮಕ್ಕಳಾ?"

"ಬಾಯ್ಮುಚ್ಚು. ಅವೇ ನಿನ್ನ ಸಾಕಿದ್ದು."

ಯಾಬೋಮ್ ಮಗಳ ಮನೆ ದಾಟಿ ಕೆಸರಿಗಿಳಿದಳು. ಕಾಂಡ್ಲಾ ಬೇರುಗಳ ನಡುವೆ ಹೆಬ್ಬೆರಳಿಗೆ ಚಿಪ್ಪೊಂದು ತಾಗಿತು. ಅದನ್ನು ಕಿತ್ತು ಸೊಂಟದ ಬಟ್ಟೆಗೆ ಸೇರಿಸಿಕೊಂಡು, ಅದೇ ಗುಳಿಯಲ್ಲಿ ಗೂಟ ನೆಟ್ಟಳು.

"ಇಲ್ಲಿವರೆಗೂ ನೆಲಾನೇ ಇತ್ತು. ಬರ್ಕೋ," ಎಂದಳು.