ಬಾರದ ಲಾರಿಯ ರಾಗ

ಚುವಾಂಗ್ ಯಜಮಾನರು ಮೀನು ಮಾರುಕಟ್ಟೆಯ ಮಹಡಿ ಹತ್ತಿ ರೇಡಿಯೋ ಕೋಣೆಗೆ ಬಂದಾಗ ಕೈಯಲ್ಲಿ ಹೊಸ ಬೀಗವಿತ್ತು. ಅದನ್ನು ಬಿಯುನಳ ಮೈಕಿನ ಪಕ್ಕಕ್ಕೇ ಕುಕ್ಕಿ, ಹಣೆಯ ಬೆವರು ಒರೆಸಿಕೊಂಡರು. ವಾರ್ಡಿನ ಮುಖಂಡರಲ್ಲವೇ, ಬೆವರು ಒರೆಸಿಕೊಳ್ಳುವುದರಲ್ಲೂ ಒಂದು ಗತ್ತು.

“ಈ ಹಾಡು ಮುಗಿದ್ಮೇಲೆ ಎಲ್ಲರಿಗೂ ನಮಸ್ಕಾರ ಹೇಳಿ ಮುಗಿಸಿಬಿಡಮ್ಮ. ನಾಳೆಯಿಂದ ಈ ರೂಮಲ್ಲಿ ಕರೋಕೆ ಹಾಡು. ಸಮಿತಿ ತೀರ್ಮಾನ.”

“ಹಾಗಂದ್ರೆ ಹೇಗೆ ಯಜಮಾನ್ರೇ? ಕೇಳೋರಿಗೆ ಏನ್ ಹೇಳ್ಲಿ?”

“ಯಾರ್ ಕೇಳ್ತಾರೆ? ಎಲ್ಲರ ಕೈಯಲ್ಲೂ ಫೋನಿದೆ. ನಿನ್ನ ರೇಡಿಯೋನ ಒಬ್ಬನೇ ಒಬ್ಬ ಕೇಳ್ತಾನೆ ಅಂತ ತೋರ್ಸು, ಬೀಗ ವಾಪಸ್ ತಗೊಂಡ್ ಹೋಗ್ತೀನಿ.”

ದಕ್ಷಿಣ ತೈವಾನಿನ ಈ ಬಂದರು ಬೀದಿಗೆ ಕಡಲ ಉಬ್ಬರದ ಹೊತ್ತು, ಮೀನಿನ ದರ, ಕಳೆದುಹೋದ ಬೆಕ್ಕು ಎಲ್ಲವನ್ನೂ ಸಾರುತ್ತ ತಲೆ ನರೆಸಿಕೊಂಡವಳು ಬಿಯುನ್. ಹೋದ ವಾರ ಸೀಗಡಿ ಬುಟ್ಟಿಯಲ್ಲಿ ಸಿಕ್ಕ ಹಲ್ಲಿನ ಸೆಟ್ಟನ್ನು ಸರಿಯಾದ ಬಾಯಿಗೆ ಮುಟ್ಟಿಸಿದ್ದೂ ಅವಳೇ. ಆದರೆ ಕೇಳುವವರನ್ನು ಕೈಹಿಡಿದು ತಂದು ತೋರಿಸು ಎಂದರೆ ಎಲ್ಲಿಂದ ತಂದಾಳು?

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹಿಂದಿನ ಓಣಿಯ ಆಕಿಮ್ ಅಜ್ಜಿ.

“ಊಟ ಆಯ್ತೇನೇ ಬಿಯುನ್? ನನಗೆ ಈ ಮುದುಕಂದೇ ಗೋಳು ಕಣೇ. ಚಂಡಮಾರುತದ ಹೊತ್ತಲ್ಲಿ ಬಿದ್ದೋನು, ಸೊಂಟ ಸರಿಹೋದ್ರೂ ಕುರ್ಚಿ ಬಿಟ್ಟು ಏಳಲ್ಲ. ಮಾತಿಲ್ಲ ಕತೆಯಿಲ್ಲ, ಗೋಡೆ ನೋಡ್ತಾ ಕೂತಿರ್ತಾನೆ. ನಡೀಲೇಬೇಕು ಅಂತಾರೆ ಡಾಕ್ಟ್ರು. ಬೈದೆ, ಅತ್ತೆ, ಸಮುದ್ರದಮ್ಮನಿಗೆ ಹರಕೆ ಕಟ್ಟಿದೆ. ಊಹೂಂ!”

“ಅಯ್ಯೋ, ನಾನೇನ್ ಮಾಡ್ಲಿ ಅಜ್ಜಿ?”

“ಕಸದ ಲಾರಿ ರಾಗ ಹಾಕೇ. ಅದನ್ನ ಕೇಳಿದ್ರೆ ಬೀದಿಗೇ ಮೊದಲು ಓಡ್ತಿದ್ದೋನು ಅವನು. ಪ್ಲಾಸ್ಟಿಕ್ ಯಾವತ್ತು, ಕಬ್ಬಿಣ ಯಾವತ್ತು ಅಂತ ಊರಿಗೆಲ್ಲ ಪಾಠ ಮಾಡೋನು. ಈಗ ಕೂತಿರೋ ಹಿಂದಿನ ಕೋಣೆಗೆ ಲಾರಿ ಸದ್ದು ಕೇಳ್ಸಲ್ಲ, ನಿನ್ ರೇಡಿಯೋ ಕೇಳ್ಸುತ್ತೆ. ಒಂದೇ ಸಲ ಹಾಕಿ ನೋಡೇ ಮಗಳೇ.”

ನಮ್ಮಲ್ಲಿ ಕಸದ ಲಾರಿ ಯಾರಪ್ಪನ ಮನೆಯ ಮುಂದೆಯೂ ಕಾಯುವುದಿಲ್ಲ. ಸಂಜೆ ಪಿಯಾನೋ ರಾಗ ನುಡಿಸುತ್ತ ಬರುತ್ತದೆ. ಕಿವಿಗೆ ಬಿದ್ದ ತಕ್ಷಣ ಚೀಲ ಹಿಡಿದು ಓಡಬೇಕು. ತಪ್ಪಿದರೆ ಮೀನಿನ ಕರುಳಿನ ಜೊತೆ ರಾತ್ರಿಯಿಡೀ ಸಂಸಾರ. ಬಿಯುನ್ ಕಂಪ್ಯೂಟರಿನಲ್ಲಿ ಆ ರಾಗವನ್ನು ಹುಡುಕಿ, ಹಾಡು ಮುಗಿದದ್ದೇ ಹಾಕಿಬಿಟ್ಟಳು. ಕಣ್ಣೆದುರಿನ ಬೀಗದ ಗಾಬರಿಯಲ್ಲಿ, ಇದು ಯಾಕೆ, ಯಾರಿಗೆ ಎಂದು ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಕೆಳಗೆ ಮೀನಿನಂಗಡಿ, ಕ್ಷೌರದಂಗಡಿ, ನೂಡಲ್ಸ್ ಅಂಗಡಿಗಳ ರೇಡಿಯೋಗಳೆಲ್ಲ ಒಟ್ಟಿಗೇ ಆ ರಾಗ ನುಡಿದವು. ತಗೋ, ಬಾಗಿಲುಗಳು ಧಡಧಡ ತೆರೆದವು! ಅರ್ಧ ಗಡ್ಡ ಕೆರೆಸಿಕೊಂಡವನು ನೊರೆ ಸುರಿಸುತ್ತ ಓಡಿಬಂದ. ನೂಡಲ್ಸಿನವಳು ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಚೀಲ. ಗುಡಿಯ ಪೂಜಾರಿ ಗಂಟೆ ಬಿಟ್ಟು ಬಂದ. “ಬಿಸಿಲೇ ಇಳಿದಿಲ್ಲ, ಇವತ್ತೇನು ಇಷ್ಟು ಬೇಗ?” ಎಂದು ಎಲ್ಲರೂ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ರಾಗ ಇದೆ, ಲಾರಿ ಇಲ್ಲ.

ಚುವಾಂಗ್ ಯಜಮಾನರು ಕಿಟಕಿಯಿಂದ ಇಣುಕಿದ್ದೇ ತಪ್ಪಾಯಿತು. ತಲೆಗೆ ಬಣ್ಣ ಮೆತ್ತಿಕೊಂಡು, ಎರಡೂ ಕೈಯಲ್ಲಿ ಚೀಲ ಹಿಡಿದು ನಿಂತಿದ್ದ ಅವರ ಹೆಂಡತಿ ಮೇಲೆ ನೋಡಿದಳು.

“ಏನ್ರೀ! ಲಾರಿ ಎಲ್ರೀ?”

“ಹೌದು, ಲಾರಿ ಎಲ್ಲಿ?” ಬೀದಿಗೆ ಬೀದಿಯೇ ಮೇಲೆ ನೋಡಿತು. “ಓಟು ಕೇಳೋಕ್ ಬಂದಾಗ ಲಾರಿ ಹೊತ್ತಿಗೆ ಸರಿಯಾಗಿ ಬರುತ್ತೆ ಅಂದಿದ್ರಲ್ಲ!”

“ಲಾರಿ ಅಲ್ರಪ್ಪಾ, ಅದು ರೇಡಿಯೋ!” ಎಂದು ಯಜಮಾನರು ಗಂಟಲು ಹರಿದುಕೊಂಡರು. ಆ ಗಲಾಟೆಯಲ್ಲಿ ಯಾರಿಗೆ ಕೇಳಿಸಬೇಕು? ಬಿಯುನ್ ರಾಗ ನಿಲ್ಲಿಸಿ, ಮೈಕನ್ನು ಮೆಲ್ಲಗೆ ಅವರ ಕಡೆಗೆ ತಳ್ಳಿದಳು.

“ಇದ್ರಲ್ಲಿ ಹೇಳಿ ಯಜಮಾನ್ರೇ. ಎಲ್ಲರಿಗೂ ಕೇಳ್ಸುತ್ತೆ.”

ಅವರು ಅವಳನ್ನು ದುರುಗುಟ್ಟಿ ನೋಡಿ, ಉಗುಳು ನುಂಗಿ, ಲಾರಿ ಬಂದಿಲ್ಲವೆಂದೂ ಎಲ್ಲರೂ ಒಳಗೆ ಹೋಗಬೇಕೆಂದೂ ಮೈಕಿನಲ್ಲಿ ಹೇಳಿದರು. ಅವರ ದನಿ ಅಷ್ಟೂ ಅಂಗಡಿಗಳಿಂದ ಅವರ ಕಿವಿಗೇ ಬಂದು ಬಡಿಯಿತು. ಜನ ಶಾಪ ಹಾಕುತ್ತ ಚೀಲಗಳೊಂದಿಗೆ ಒಳಗೆ ಹೋದರು. ಕಿಟಕಿಯ ಕೆಳಗೆ, ಬನಿಯನ್ನಿನಲ್ಲಿದ್ದ ಒಬ್ಬ ಮುದುಕ ಮಾತ್ರ ಕೋಲೂರಿ, ಚೀಲ ಹಿಡಿದು, ರಸ್ತೆಯನ್ನೇ ನೋಡುತ್ತ ನಿಂತಿದ್ದ.

ಮತ್ತೆ ಫೋನು. “ಬಿಯುನ್! ಎದ್ದ ಕಣೇ! ಚಪ್ಲಿ ಕೂಡ ಹಾಕ್ದೆ ಹೋದ!” ಆಕಿಮ್ ಅಜ್ಜಿ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. “ಆದ್ರೆ ಇನ್ನೂ ಬಂದಿಲ್ವಲ್ಲೇ. ವಾಪಸ್ ಬರೋಕೆ ಯಾವ್ದಾದ್ರೂ ರಾಗ ಇದ್ಯಾ?”

ಬಿಯುನ್ ಕಿಟಕಿಯ ಕೆಳಗಿನ ಮುದುಕನತ್ತ ಕೈತೋರಿಸಿ ಯಜಮಾನರ ಮುಖ ನೋಡಿದಳು. ಆಡಿದ ಮಾತು ಅವರಿಗೂ ನೆನಪಿತ್ತು. ಬೀಗ ಎತ್ತಿಕೊಂಡು ಮೆಟ್ಟಿಲಿಳಿದರು. ಮನೆಯಲ್ಲಿರುವ ಅಜ್ಜಿಗೆ ಕೇಳಲಿ ಎಂದು ಬಿಯುನ್ ಮೈಕನ್ನು ಕಿಟಕಿಯಾಚೆ ಇಳಿಬಿಟ್ಟಳು.

“ಆಬೋಕ್ ತಾತ, ಲಾರಿ ಬರೋದು ಸಂಜೆಗೆ. ನಡೀರಿ, ಮನೆಗೆ ಬಿಡ್ತೀನಿ.”

ತಾತ ಕದಲಲಿಲ್ಲ. ಅವಸರದಲ್ಲಿ ಅವನು ತಂದಿದ್ದು ಖಾಲಿ ಚೀಲ. ಯಜಮಾನರು ಅದನ್ನು ನೋಡಿದರು, ಮೇಲಿನ ಕಿಟಕಿ ನೋಡಿದರು, ಬಾಗಿಲಲ್ಲಿ ಇನ್ನೂ ಚೀಲ ಹಿಡಿದೇ ನಿಂತಿದ್ದ ಹೆಂಡತಿಯನ್ನು ನೋಡಿದರು. ಆಮೇಲೆ ಬೀಗವನ್ನು ಆ ಚೀಲಕ್ಕೆ ಹಾಕಿ, “ತಗೊಳ್ಳಿ ತಾತ, ನಂದೂ ಒಂದು ಕಸ” ಎಂದರು.

ತಾತ ಚೀಲದೊಳಗೆ ಇಣುಕಿದ. ಮುಖ ಕೆಂಪೇರಿತು. ಚಂಡಮಾರುತದ ದಿನದಿಂದ ಯಾರೂ ಕೇಳದಿದ್ದ ಅವನ ದನಿ ಬೀದಿಯ ಅಷ್ಟೂ ರೇಡಿಯೋಗಳಲ್ಲಿ ಒಮ್ಮೆಲೇ ಗುಡುಗಿತು.

“ಏಯ್! ಕಬ್ಬಿಣ ಗುರುವಾರ!”